ನಾಲ್ಕನೆಯ ಚೌಕ

ಪೀಣ್ಯದ ಬೋಲ್ಟ್ ಕಾರ್ಖಾನೆಯೊಂದಕ್ಕೆ ಅಲ್ಲಿಯ ಗುಮಾಸ್ತೆ ಮಹಾಲಕ್ಷ್ಮಿಯೇ ಜೂಮ್ಲಾ ತಂತ್ರಾಂಶದಲ್ಲಿ ಸಿದ್ಧ ಟೆಂಪ್ಲೇಟೊಂದನ್ನು ಅಳವಡಿಸಿ ವೆಬ್‌ಸೈಟ್ ಮಾಡುತ್ತಿದ್ದಳು. ‘ನಮ್ಮ ತಂಡ’ ಎಂಬ ಪುಟದಲ್ಲಿ ಭಾವಚಿತ್ರಗಳಿಗೆ ನಾಲ್ಕು ಚೌಕಗಳಿದ್ದವು. ಮಾಲೀಕ ಶಿವಶಂಕರ್ ಕೊಟ್ಟದ್ದು ಮೂರೇ ಚಿತ್ರ: ತಮ್ಮದು, ತಮ್ಮನದು, ಮ್ಯಾನೇಜರದು. ನಾಲ್ಕನೆಯದರಲ್ಲಿ ಟೆಂಪ್ಲೇಟಿನೊಂದಿಗೇ ಬಂದ ಪರದೇಶದ ಹೆಂಗಸೊಬ್ಬಳು ನಗುತ್ತಿದ್ದಳು.

“ಅದನ್ನ ತೆಗೆದ್ಬಿಡಮ್ಮ,” ಎಂದರು ಶಿವಶಂಕರ್.

ತೆಗೆಯಲು ಮಹಾಲಕ್ಷ್ಮಿಗೆ ಕೈ ಬರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಒಂದೊಂದು ಬೋಲ್ಟನ್ನೂ ಬೆರಳಿನಿಂದ ಸವರಿ ಪಾಸು ಮಾಡುತ್ತಿದ್ದ ಚಿಕ್ಕಮುನಿಯಮ್ಮ ಎದುರಿಗೇ ಕುಳಿತಿದ್ದರು. ಆ ಪುಟದಲ್ಲಿ ಅವರ ಹೆಸರೇ ಇರಲಿಲ್ಲ.

ಚಿಕ್ಕಮುನಿಯಮ್ಮ ಪರದೆಯತ್ತ ಇಣುಕಿದರು. “ಯಾರವ್ವಾ ಆಯಮ್ಮ? ಯಾವ ಶಿಫ್ಟು?”

“ಆ ಜಾಗ ನಿಮ್ದೇ ಕಣಮ್ಮ. ಹಾಕ್ಲಾ ಸಾರ್?” ಎಂದಳು ಮಹಾಲಕ್ಷ್ಮಿ.

ಶಿವಶಂಕರ್ ನಗು ತಡೆಯಲಾರದೆ ಆಗಲೆಂದು ತಲೆಯಾಡಿಸಿದರು.

“ನಂದ್ಯಾಕೆ ಪಟ, ಬ್ಯಾಡ ಓಗವ್ವ!” ಎನ್ನುತ್ತಲೇ ಚಿಕ್ಕಮುನಿಯಮ್ಮ ಎಣ್ಣೆಗೈ ಒರೆಸಿಕೊಂಡು, ಸೆರಗು ಸರಿಪಡಿಸಿಕೊಂಡು, ನೆಟ್ಟಗೆ ಕುಳಿತರು.