ನಾಲ್ಕು ಸಮುದ್ರದ ಜಂಬಯ್ಯ

ಕರಾವಳಿ ಪ್ರವಾಸಕ್ಕೆ ಗಾಡಿ ಬೇಕೆಂದರೆ ಕೂಡ್ಲಿಗಿಯ ಟ್ರ್ಯಾಕ್ಸ್ ಡ್ರೈವರ್ ಜಂಬಯ್ಯ ಮೊದಲು ಕೇಳುತ್ತಿದ್ದುದು, ‘ಎಷ್ಟು ಸಮುದ್ರ ನೋಡ್ತೀರಿ?’ ನಮ್ಮಲ್ಲಿ ಊರಿಗೊಂದು ಕೆರೆ ಇರುವಂತೆ ಗೋಕರ್ಣಕ್ಕೊಂದು, ಹೊನ್ನಾವರಕ್ಕೊಂದು, ಮುರುಡೇಶ್ವರಕ್ಕೊಂದು, ಮಲ್ಪೆಗೊಂದು ಸಮುದ್ರ ಎಂಬುದು ಆಗಿನ ಅವನ ಭೂಗೋಳ. ಪ್ರತಿ ದಂಡೆಯಲ್ಲೂ ನೀರಿಗೆ ಬೆರಳದ್ದಿ ನೆಕ್ಕಿ, ‘ಇದಕ್ಕ ಉಪ್ಪು ಸ್ವಲ್ಪ ಕಮ್ಮಿ ಐತ್ರಿ’ ಎಂದು ಸಾರಿನ ರುಚಿ ನೋಡಿದವನಂತೆ ತೀರ್ಪು ಕೊಡುತ್ತಿದ್ದ. ನಾಲ್ಕರಲ್ಲಿ ಒಂದು ತಪ್ಪಿದರೂ ಗಾಡಿ ಊರ ಕಡೆ ತಿರುಗುತ್ತಿರಲಿಲ್ಲ. ತೊಂಬತ್ತೆಂಟರ ಡಿಸೆಂಬರಿನಲ್ಲಂತೂ, ಹೊಸಪೇಟೆಯನ್ನೇ ದಾಟದ ತಾಯಿ ಎರ್ರೆಮ್ಮನಿಗೆ ನಾಲ್ಕೂ ಸಮುದ್ರ ತೋರಿಸುತ್ತೇನೆಂದು ಓಣಿಗೆಲ್ಲ ಸಾರಿ, ಅವಳನ್ನು ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂರಿಸಿಕೊಂಡು ಹೊರಟಿದ್ದ. ಮಲ್ಪೆ ಮುಟ್ಟಿದಾಗ, ಜೊತೆಗೆ ಬಂದಿದ್ದ ಹಡಗಲಿಯ ಮೇಷ್ಟ್ರು ನಕ್ಕುಬಿಟ್ಟರು: ‘ಲೇ ಜಂಬಯ್ಯ, ಮೂರು ದಿನದಿಂದ ನೋಡಿದ್ದೆಲ್ಲಾ ಒಂದ ಸಮುದ್ರಲೇ!’ ಘಟ್ಟದ ತಿರುವುಗಳಲ್ಲಿ ಹಾಡು ಹೇಳುವ ಜಂಬಯ್ಯನ ಮುಖ ಸಣ್ಣದಾಯಿತು. ‘ನಾಕು ಅಂತ ಕರಕೊಂಡು ಬಂದು ನಿನಗ ಒಂದ ತೋರಿಸಿದ್ನೇನಬೇ?’ ಎಂದು ತಾಯಿಯನ್ನು ಕೇಳುತ್ತ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ. ಎರ್ರೆಮ್ಮ ಆಗಲೇ ಸೀರೆ ಎತ್ತಿ ಹಿಡಿದು ಮಂಡಿಯುದ್ದದ ನೀರಿಗೆ ಇಳಿದಿದ್ದಳು. ಅಲ್ಲಿಂದಲೇ ಕೂಗಿದಳು: ‘ಅದಕ್ಯಾಕ ಅಳ್ತೀಯಲೇ ಹುಚ್ಚಾ? ಇಷ್ಟು ದೊಡ್ಡದು, ನಿನ್ನ ಗಾಡಿ ಬೆನ್ನು ಹತ್ತಿ ನಾಕೂ ಊರಿಗೆ ಬಂದೈತಿ ನೋಡು!’