ಅತ್ತೆಯ ಎದೆಗೆ ಕೂತ ಗಂಜಿ

ನಮ್ಮತ್ತೆಗೆ ಶುಗರ್ ಟೆಸ್ಟ್ ಅಂದರೆ ಪರೀಕ್ಷೆ ಇದ್ದಂತೆ. ನಾಲ್ಕು ದಿನ ಮೊದಲೇ ಅನ್ನ ಬಿಟ್ಟು, ಅರ್ಧ ಮುದ್ದೆ, ಹಾಗಲಕಾಯಿ ಪಲ್ಯ. ಖಾಲಿ ಹೊಟ್ಟೆಯ ರಕ್ತ ಕೊಟ್ಟು ಪಾಸಾಗಿ ಬಂದ ಸಂಜೆಯೇ ಹೋಳಿಗೆ. ನಮ್ಮ ಬೀದಿಯ ಹೆಂಗಸರೆಲ್ಲ ಹೀಗೇ ಪಾಸಾಗುವವರು.

ಈ ಸಲ ಟೆಸ್ಟಿಗೆಂದು ದುರ್ಗದ ಆಸ್ಪತ್ರೆಗೆ ಹೊರಟು, ರೈಲು ಹಿಡಿಯಲು ಚಿಕ್ಕಜಾಜೂರು ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅತ್ತೆ ಅರ್ಧಕ್ಕೇ ನಿಂತು, ಸೆರಗು ಸರಿಮಾಡುವ ನೆಪದಲ್ಲಿ ಉಸಿರು ಎಳೆದುಕೊಂಡರು. ನಾನು ಡಾಕ್ಟರಿಗೆ ಹೇಳಿಯೇಬಿಟ್ಟೆ. ಅವರು ಮೂರು ತಿಂಗಳ ಸಕ್ಕರೆ ತೋರಿಸುವ ಟೆಸ್ಟ್ ಮಾಡಿಸಿದರು. ಹೋಳಿಗೆಯೆಲ್ಲ ಬಯಲಾಯಿತು! ಎದೆಯ ಎಕೋ ಸ್ಕ್ಯಾನ್ ಮಾಡಿಸಿ ಅಂದಾಗ ಮಾತ್ರ ಅತ್ತೆ ಎದ್ದುಬಿಟ್ಟರು.

"ಎದೆನೋವೇ ಇಲ್ಲ. ವಯಸ್ಸಾಗೈತೆ, ಏದುಸಿರು ಬರ್ತೈತೆ. ನಡಿ ಹೋಗಾಣ."

ಬಿಎಸ್ಸಿ ಓದುವ ಮಗಳ ಬಯೋಕೆಮಿಸ್ಟ್ರಿ ಪುಸ್ತಕ ಅಡುಗೆಮನೆಗೆ ಬಂದದ್ದು ಆಗಲೇ. ನನ್ನ ಕಾನ್ವೆಂಟಿನ ಇಂಗ್ಲಿಷು ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು! ರಕ್ತದಲ್ಲಿ ಹೆಚ್ಚಾದ ಸಕ್ಕರೆಯ ಅಣುಗಳು ಹೃದಯದ ಸ್ನಾಯುವಿನ ನಡುವಿನ ಪ್ರೋಟೀನ್ ಎಳೆಗಳಿಗೆ ಅಂಟಿ, ಎಳೆ ಎಳೆಗೂ ಗಂಟು ಹಾಕುತ್ತವಂತೆ. ಸ್ನಾಯು ಬಿಗಿಯಲು ಜೀವಕೋಶದೊಳಗೆ ಕ್ಯಾಲ್ಸಿಯಂ ಹರಡಬೇಕು. ಸಡಿಲಾಗಲು ಅದನ್ನು ಮತ್ತೆ ಒಳಚೀಲಕ್ಕೆ ಸೆಳೆದುಕೊಳ್ಳಬೇಕು. ಆ ಸೆಳೆಯುವ ಪಂಪೂ ನಿಧಾನವಾಗುತ್ತದಂತೆ. ಎಷ್ಟೋ ಸಲ ನೋವೇ ಇಲ್ಲದೆ! ಓದುತ್ತ ಓದುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಹಿತ್ತಲಲ್ಲಿ ಅತ್ತೆ ಕಾಟನ್ ಸೀರೆಗಳಿಗೆ ಗಂಜಿ ಹಾಕುತ್ತಿದ್ದರು. ಪುಸ್ತಕ ಹಿಡಿದೇ ಓಡಿದೆ.

"ಅತ್ತೆ, ನಿಮ್ಮ ಎದೆಗೂ ಹೀಗೇ ಗಂಜಿ ಕೂತಿರಬಹುದು. ಹಿಂಡೋಕೆ ಬರುತ್ತೆ, ಬಿಟ್ಟಾಗ ಅರಳೋಕೆ ಬರಲ್ಲ. ರಕ್ತ ಸಲೀಸಾಗಿ ತುಂಬ್ಕೊಳ್ಳಲ್ಲ. ಅದಕ್ಕೇ ಏದುಸಿರು ಇರಬಹುದು."

"ಇಸ್ತ್ರೀನೂ ಹೊಡೀತಾರೇನೇ, ಆ ಎಕೋದಾಗೆ?"

ಅಂದರು, ಆದರೆ ನಗಲಿಲ್ಲ. ತಂತಿಯ ಮೇಲೆ ಒಣಗಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಮಡಿಸಿ, ಬಿಟ್ಟು ನೋಡಿದರು. ಅದು ಮಡಿಸಿದ ಹಾಗೇ ನಿಂತಿತು.

"ಸೋಮವಾರ ಹೋಗಾಣ," ಅಂದರು.

ಎಕೋ ಕೋಣೆಯಲ್ಲಿ ಎಡಮಗ್ಗುಲಾಗಿ ಮಲಗಿದ ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು. ಪರದೆಯಲ್ಲಿ ತಮ್ಮ ಹೃದಯ ಕಂಡದ್ದೇ ತಡ, "ಅಯ್ಯೋ, ಬಾಯಿ ಬಿಟ್ಟು ಮುಚ್ತೈತಲ್ಲೇ!" ಅಂತ ಕೂಗಿದರು.

"ಹಿಂಡೋದು ಚೆನ್ನಾಗಿದೆ ಅಮ್ಮ, ಸಡಿಲಾಗೋದು ಸ್ವಲ್ಪ ನಿಧಾನ," ಅಂದರು ಡಾಕ್ಟರು. "ಈಗಲೇ ಬಂದದ್ದು ಒಳ್ಳೇದಾಯ್ತು. ಮಾತ್ರೆ ದಿನಾ ತಗೊಂಡು, ಸಕ್ಕರೆ ದಿನಾ ಹತೋಟೀಲಿ ಇರಬೇಕು."

ನನಗೋ ಕುಣಿದುಬಿಡೋಣ ಅನ್ನುವಷ್ಟು ಸಮಾಧಾನ.

"ಬರ್ಕೊಡ್ರಿ, ನುಂಗ್ತೀನಿ," ಅಂದ ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂಚೂರು ಹೊತ್ತು ಅದನ್ನ ಆರಿಸಬ್ಯಾಡ್ರಿ."