ಮಹಜರಿಗೆ ಮನೆಮಂದಿಯೆಲ್ಲ ಬನ್ನಿ

ಶಿವಮೊಗ್ಗದಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿದಾಗ ಸೋಮವಾರ ಬೆಳಗಿನ ಏಳೂವರೆ. ದೀಪಾವಳಿ ಕಳೆದು ವಾರವಾಗಿತ್ತು. ಬಿಸಿಲು ಹಿತವಾಗಿತ್ತು, ಆಕಾಶ ಚೊಕ್ಕವಾಗಿತ್ತು. ನನ್ನ ಚೀಲದಲ್ಲಿ ಎರಡು ಸೀರೆ, ಒಂದು ದಸ್ತು ಬಿಳಿ ಹಾಳೆ, ಒಂದು ಸ್ಟಾಂಪ್ ಪ್ಯಾಡು ಮತ್ತು ನಾಲ್ಕು ನಿಂಬೆಹಣ್ಣು ಇದ್ದವು. ನಿಂಬೆಹಣ್ಣು ಪೂಜೆಗಲ್ಲ. ದಾವಣಗೆರೆಯ ಬಯಲಿನಲ್ಲಿ ಬೆಳೆದ ನನ್ನ ಹೊಟ್ಟೆಗೆ ಈ ತಿರುವುಗಳು ಇವತ್ತಿಗೂ ಒಗ್ಗಿಲ್ಲ. ಮೂರನೆಯ ತಿರುವಿಗೇ ಮೊದಲನೆಯ ಹಣ್ಣು ಮೂಗಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೆಲ್ಲಗೆ ಎದ್ದು ಸೀಟು ಬದಲಿಸಿದಳು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಹೊರಟದ್ದು ದೇವರ ದರ್ಶನಕ್ಕಲ್ಲ. ದುಡಿಯಲೆಂದು ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರಿಗೆ ರೇಷನ್ ಕಾರ್ಡು, ಮಕ್ಕಳಿಗೆ ಶಾಲೆ, ಪಟ್ಟಿಯಲ್ಲಿ ಹೆಸರು ದೊರಕಿಸಲು ಓಡಾಡುವ ನಮ್ಮದೊಂದು ಸಣ್ಣ ಸಂಘವಿದೆ. ಅರ್ಜಿ ಬರೆಯುವುದು ನನ್ನ ಕೆಲಸ. ಕಚೇರಿಗಳಲ್ಲಿ ಕಾಯುವುದೂ ನನ್ನ ಕೆಲಸವೇ, ಆದರೆ ಅದಕ್ಕೆ ಬೇಕಾದ ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಈ ಸಲ ಶೃಂಗೇರಿ ಆಚೆಯ ನೆಮ್ಮಾರಿನ ಹನುಮವ್ವ ಎಂಬಾಕೆಯ ವಾಸಸ್ಥಳ ದೃಢೀಕರಣದ ಅರ್ಜಿ ತಿರುಗಿ ಬಂದಿತ್ತು. ಆ ಪತ್ರ ಜೊತೆಗಿಟ್ಟು ಹೊಸ ರೇಷನ್ ಕಾರ್ಡಿಗೆ ಅರ್ಜಿ ಕೊಡಲು ಶನಿವಾರ ಮಧ್ಯಾಹ್ನ ಕೊನೆ.

ಎನ್.ಆರ್.ಪುರ ತಲುಪಿದಾಗ ಹೊಟ್ಟೆ ಖಾಲಿ, ತಲೆ ಹಗುರ. ಬಸ್ ನಿಲ್ದಾಣದ ಹತ್ತಿರ ಮತ್ತಾಯಿಯವರ ಹೋಟೆಲಿನಲ್ಲಿ ಬಿಸಿ ಪುಟ್ಟು, ಕಡಲೆ ಗಸಿ ತಿಂದೆ. ತಂದೆಯ ಕಾಲದಲ್ಲಿ ಕೇರಳದಿಂದ ಬಂದ ಕುಟುಂಬ ಅವರದು. ಈ ಊರಿನವರಾಗಲು ನಿಮಗೆ ಎಷ್ಟು ವರ್ಷ ಹಿಡಿಯಿತು ಎಂದು ಕೇಳಿದೆ.

"ಅದು ವರ್ಷದ ಲೆಕ್ಕ ಅಲ್ಲ ಮೇಡಂ," ಎಂದರು ಮತ್ತಾಯಿ, ಚಹಾ ಎತ್ತಿ ಹೊಯ್ಯುತ್ತ. "ಒಂದಿನ ಇಲ್ಲಿನವರು ಇಬ್ಬರು ಬೇಲಿ ಜಗಳ ಮಾಡ್ಕೊಂಡು, ನೀವೇ ತೀರ್ಮಾನ ಮಾಡಿ ಅಂತ ನಮ್ಮಪ್ಪನ ಹತ್ರ ಬಂದ್ರಂತೆ. ಅವತ್ತು ಅಪ್ಪ ಮನೇಲಿ ಪಾಯಸ ಮಾಡ್ಸಿದ್ರು."

ಇನ್ನೊಂದು ತುಂಡು ಪುಟ್ಟು ಹಾಕಿಸಿಕೊಂಡೆ. ಮುಂದಿನ ತಿರುವುಗಳನ್ನು ನೆನೆದರೆ ಅದು ಬುದ್ಧಿವಂತಿಕೆಯ ಕೆಲಸವಾಗಿರಲಿಲ್ಲ.

ಕೊಪ್ಪದಲ್ಲಿ ನಮ್ಮ ಸಂಘದ ಕಚೇರಿಯೆಂದರೆ ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ. ಅದನ್ನು ನೋಡಿಕೊಳ್ಳುವ ವಾಸುದೇವ ಹನುಮವ್ವನ ಕಡತ ತೆಗೆದಿಟ್ಟಿದ್ದ. ಅದರಲ್ಲಿದ್ದ ಹಿಂಬರಹ, ಅಂದರೆ ಅರ್ಜಿ ಆಗದು ಎಂದು ಸರಕಾರ ಬರೆದುಕೊಡುವ ಉತ್ತರ, ಎರಡೇ ಸಾಲು: ಸ್ಥಳ ಪರಿಶೀಲಿಸಲಾಗಿ ಸದರಿ ಕುಟುಂಬ ಇತ್ತೀಚೆಗೆ ವಾಸಕ್ಕೆ ಬಂದಂತೆ ಕಂಡುಬರುತ್ತದೆ, ದೀರ್ಘಕಾಲದ ವಾಸಕ್ಕೆ ದಾಖಲೆ ಇಲ್ಲ.

"ಹನ್ನೊಂದು ವರ್ಷ ಆಯ್ತು ಮಾರಾಯ್ರೆ ಅವ್ರು ಬಂದು," ಎಂದ ವಾಸುದೇವ. "ಗಂಡ ಮಲ್ಲಪ್ಪ ಬಾವಿ ತೋಡೋನು. ಆ ಸುತ್ತಿನ ಅರ್ಧ ಬಾವಿ ಅವನದ್ದೇ ಕೈಕೆಲಸ. ಹುಟ್ಟೂರು ಗಜೇಂದ್ರಗಡದ ಕಡೆ. ಅಲ್ಲಿ ಊರು ಬಿಟ್ಟೋರು ಅಂತ ಕಾರ್ಡಿಂದ ಹೆಸರು ಹೊಡೆದಾಗಿದೆ. ಇಲ್ಲಿ ಹೊಸಬರು ಅಂತಾರೆ. ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಹನ್ನೊಂದು ವರ್ಷ ಬಾಳಿದ ಮನೆ ನಿನ್ನೆ ಮೊನ್ನೆ ಬಂದವರ ಮನೆಯಂತೆ ಕಂಡದ್ದು ಹೇಗೆ? ಯಾರೋ ಬೇಕೆಂದೇ ಬರೆದಿದ್ದಾರೆ ಎಂದು ನನಗೆ ಸಿಟ್ಟು ಬಂತು. ಆ ರಾತ್ರಿ ಕೊಪ್ಪದಲ್ಲೇ ಉಳಿದು, ಸಿಟ್ಟಿನಲ್ಲೇ ಎರಡು ಪುಟದ ಮೇಲ್ಮನವಿ ಬರೆದೆ. ಬಹಳ ಚೆನ್ನಾಗಿ ಬಂದಿತ್ತು. ಆಮೇಲೆ ಅದು ಯಾವ ಕೆಲಸಕ್ಕೂ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನೆಮ್ಮಾರಿಗೆ ಹೋದೆ. ಹಾದಿಯುದ್ದಕ್ಕೂ ತುಂಗೆ ಮರಗಳ ಸಂದಿಯಲ್ಲಿ ಕಂಡು ಮಾಯವಾಗುತ್ತಿದ್ದಳು. ಎರಡು ನಿಂಬೆಹಣ್ಣು ಮುಗಿದವು. ಹನುಮವ್ವ ರಸ್ತೆಗೇ ಬಂದು ಕಾಯುತ್ತಿದ್ದಳು: ನಲವತ್ತರ ಆಸುಪಾಸು, ಹಣೆಯಲ್ಲಿ ಕಾಸಗಲ ಕುಂಕುಮ, ಇಳಕಲ್ ಸೀರೆ, ಬೆಟ್ಟ ಹತ್ತುವ ನಡಿಗೆ. ಅವಳ ಹಿಂದೆ ಓಡುತ್ತ ಓಡುತ್ತ ಮನೆ ಸೇರಿದೆ.

ಮನೆ ನೋಡಿ ನಿಂತುಬಿಟ್ಟೆ. ಗೋಡೆಗೆಲ್ಲ ಬೆಳ್ಳಗೆ ಸುಣ್ಣ, ನೆಲಕ್ಕೆ ಕಪ್ಪಗೆ ಹೊಸ ಸಾರಣೆ, ಬಾಗಿಲಿಗೆ ಹಸಿರು ಬಣ್ಣ. ಒಲೆ ಕೂಡ ಹೊಸದು.

"ಇದೆಲ್ಲ ಯಾವಾಗ ಮಾಡಿದ್ದು ಹನುಮವ್ವ?"

"ಆಫೀಸ್‌ನೋರು ನೋಡಾಕ ಬರ್ತಾರಂತ ಗೊತ್ತಾತಲ್ರಿ ಅಕ್ಕಾರ. ಮನಿ ಹೊಗಿ ಹಿಡದು ಕರ್ರಗಾಗಿತ್ತು. ದೊಡ್ಡೋರು ಬಂದಾಗ ಹಂಗ ಇಟ್ರ ಏನ್ ಅಂದಾರು? ಇಬ್ಬರೂ ಎರಡ ದಿನ ಕೆಲಸ ಬಿಟ್ಟು ಸುಣ್ಣ ಹಚ್ಚಿದ್ವಿ. ಹಳೇ ಒಲಿ ಕೆಡವಿ ಹೊಸಾದು ಹಾಕಿದ್ವಿ. ಹರಕು ಮುರಕೆಲ್ಲ ಚೀಲಕ್ಕ ತುಂಬಿ ಅಟ್ಟಕ್ಕ ಒಗದ್ವಿ."

ನನಗೆ ನಗು ತಡೆಯಲಾಗಲಿಲ್ಲ. ಸ್ಥಳ ನೋಡಿ ವರದಿ ಬರೆದ ಗ್ರಾಮಲೆಕ್ಕಿಗರ ಮೇಲೆ ನಿನ್ನೆಯಿಂದ ಕಾರಿದ ಕೋಪವನ್ನೆಲ್ಲ ನುಂಗಿಕೊಂಡೆ. ಆ ಮನುಷ್ಯ ಕಣ್ಣಿಗೆ ಕಂಡದ್ದನ್ನೇ ಬರೆದಿದ್ದರು. ಹನ್ನೊಂದು ವರ್ಷದ ಹೊಗೆಯನ್ನು ಇವರೇ ಮರ್ಯಾದೆಗೆಂದು ಸುಣ್ಣ ಬಳಿದು ಅಳಿಸಿಹಾಕಿದ್ದರು. ವಿಷಯ ತಿಳಿದಾಗ ಹನುಮವ್ವ ತಲೆಗೆ ಕೈ ಹೊತ್ತು ಕೂತಳು. "ಸ್ವಚ್ಛ ಮಾಡಿದ್ದ ತಪ್ಪಾತೇನ್ರಿ!" ಎಂದಳು. ಗೋಡೆಗೆ ಒರಗಿ ನಿಂತಿದ್ದ ಮಲ್ಲಪ್ಪ ಏನೂ ಹೇಳಲಿಲ್ಲ. ಬಾವಿ ತೋಡುವವರದು ಮಾತು ಕಡಿಮೆಯೋ, ಅಥವಾ ಅವನೇ ಹಾಗೋ ಗೊತ್ತಿಲ್ಲ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡೆವು. ಎರಡು ದಿನದ ಮೇಲೆ ನಮ್ಮ ಬಯಲುಸೀಮೆಯ ಊಟ. ನಾಚಿಕೆ ಬಿಟ್ಟು ಮೂರು ರೊಟ್ಟಿ ತಿಂದೆ. ಆಮೇಲೆ ಆ ಅಟ್ಟದ ಚೀಲ ಇಳಿಸಿ ನೋಡೋಣ ಎಂದೆ. ಹರಕು ಚಾಪೆ, ಮುರಿದ ಮೊರ, ಸವೆದ ಹಾರೆ ಒಂದೊಂದಾಗಿ ಬಂದವು. ಕೊನೆಗೆ, ಬಾಗಿದ ಕಬ್ಬಿಣದ ತಂತಿಯೊಂದಕ್ಕೆ ಚುಚ್ಚಿದ ಕಾಗದಗಳ ದಪ್ಪ ಕಂತೆ ಹೊರಬಂತು.

"ಅವೇನ್ ಕಾಗದಪತ್ರ ಅಲ್ರಿ. ಮದಿವಿಗೆ ಕರದಿದ್ದು," ಎಂದಳು ಹನುಮವ್ವ. "ದೇವರ ಫೋಟೊ ಇರ್ತಾವು. ಒಲಿಗೆ ಹ್ಯಾಂಗ ಹಾಕೋದು ಅಂತ ಇಟ್ಟಿದ್ದೆ."

ಲಗ್ನಪತ್ರಿಕೆಗಳು! ಮೂಲೆಗಳಲ್ಲಿ ಅರಿಶಿನ, ಮೇಲೆ ಹೊಗೆಯ ಕಂದು, ಒಂದೊಂದರ ಲಕೋಟೆಯ ಮೇಲೂ ಕೈಬರಹದಲ್ಲಿ 'ಮಲ್ಲಪ್ಪ ಮತ್ತು ಮನೆಯವರು, ನೆಮ್ಮಾರ್'. ಮೇಲಿನದು ಹೋದ ಬೇಸಿಗೆಯದು. ಒಂದೊಂದೇ ತೆಗೆಯುತ್ತ ಹೋದಂತೆ ವರ್ಷಗಳು ಹಿಂದೆ ಸರಿದವು. ತಳದಲ್ಲಿದ್ದದ್ದು ಧಾತು ನಾಮ ಸಂವತ್ಸರದ ವೈಶಾಖ ಮಾಸದ್ದು. ಬೆರಳು ಮಡಚಿ ಎಣಿಸಿದರೆ ಸರಿಯಾಗಿ ಹನ್ನೊಂದು ವರ್ಷ. ಈ ಕಡೆ ಪತ್ರಿಕೆಯನ್ನು ಅಂಚೆಗೆ ಹಾಕಿ ಸುಮ್ಮನಾಗುವುದಿಲ್ಲ. ಮನೆಗೇ ಬಂದು, ಕೂತು, ನೀರು ಬೆಲ್ಲ ತೆಗೆದುಕೊಂಡು, ಮನೆಮಂದಿಯೆಲ್ಲ ಬರಬೇಕು ಎಂದು ಬಾಯಿಬಿಟ್ಟು ಕರೆಯಬೇಕು. ಬಾವಿ ತೋಡಿಸಿದ ಮನೆಗಳವರೆಲ್ಲ ಹಾಗೆ ಬಂದು ಕರೆದಿದ್ದರು. ಅಟ್ಟದ ದೂಳಿನಲ್ಲೇ ಕೂತು ನಾನು ಜೋರಾಗಿ ಚಪ್ಪಾಳೆ ಹೊಡೆದೆ.

ಬುಧವಾರ ತಂತಿಯ ಸಮೇತ ಶೃಂಗೇರಿಯ ಕಚೇರಿಗೆ ಹೋದೆವು. ಶಿರಸ್ತೇದಾರರು ಕನ್ನಡಕ ಏರಿಸಿ ನೋಡಿದರು. ಒಂದು ಪತ್ರಿಕೆ ಓದಿದರು, ಇನ್ನೊಂದು ಓದಿದರು, ಮೂರನೆಯದರಲ್ಲಿ ನಿಂತರು. "ಅರೆ, ಇದು ಮೆಣಸೆ ಊರಿನ ಮದುವೆ! ನಾನೂ ಹೋಗಿದ್ದೆ. ಹೋಳಿಗೆ ಎಂತಾ ಚೆನ್ನಾಗಿತ್ತು ಮಾರಾಯ್ರೆ."

ನನ್ನ ಎದೆ ಉಬ್ಬಿತು. ಅವರು ಕನ್ನಡಕ ಇಳಿಸಿದರು. "ಆದ್ರೆ ಲಗ್ನಪತ್ರಿಕೆ ದಾಖಲೆ ಆಗೂದಿಲ್ಲ ಮೇಡಂ. ನಾನು ಇದನ್ನ ಕಡತಕ್ಕೆ ಹಾಕಿದ್ರೆ ಜನ ನಗ್ತಾರೆ."

ಉಬ್ಬಿದ ಎದೆ ಇಳಿಯಿತು. ಶನಿವಾರಕ್ಕೆ ಉಳಿದದ್ದು ಮೂರೇ ದಿನ. ಬಿಚ್ಚಿದ ಪತ್ರಿಕೆಗಳನ್ನು ನಾನು ಮತ್ತೆ ತಂತಿಗೆ ಚುಚ್ಚುತ್ತಿದ್ದಾಗ ಮಲ್ಲಪ್ಪ ಆ ಎರಡು ದಿನಗಳಲ್ಲಿ ಮೊದಲ ಸಲ ಬಾಯಿಬಿಟ್ಟ. "ಪತ್ರಿಕಿ ನಡಿಯೂದಿಲ್ಲಂದ್ರ ಬಿಡ್ರಿ ಸಾಹೇಬ್ರ. ಪತ್ರಿಕಿ ಕೊಟ್ಟೋರು ಅದಾರಲ್ರಿ."

ಶಿರಸ್ತೇದಾರರು ಅವನನ್ನು ಒಂದು ಕ್ಷಣ ನೋಡಿದರು. ನಕ್ಕರು. "ಹೌದಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇನ್ನೊಂದು ಸಲ ಮಹಜರು ಮಾಡ್ಸುವ. ಲೆಕ್ಕಿಗರು ಬರ್ತಾರೆ. ಕರೆದವರು ಸ್ಥಳಕ್ಕೆ ಬಂದು, ಇವರನ್ನ ಹನ್ನೊಂದು ವರ್ಷದಿಂದ ಬಲ್ಲೆವು ಅಂತ ಹೇಳಿ ಸಹಿ ಹಾಕ್ಲಿ. ಐದು ಜನ ಸಾಕು."

ಐದು ಜನಕ್ಕೆ ಒಂದೊಂದು ಚೀಟಿ ಬರೆದು ಕಳಿಸೋಣ ಎಂದೆ ನಾನು. ಹನುಮವ್ವ ನನ್ನನ್ನು ಮರುಕದಿಂದ ನೋಡಿದಳು. ಚೀಟಿ ಕಳಿಸಿದರೆ ಯಾರು ಬರುತ್ತಾರೆ? ಗುರುವಾರ ಬೆಳಿಗ್ಗೆ ಅವಳು ತಲೆಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಹೊರಟಳು. ತಂತಿಯ ಕಂತೆ ನನ್ನ ಕೈಯಲ್ಲಿ. ಹನ್ನೊಂದು ವರ್ಷದಲ್ಲಿ ಯಾರು ಯಾರು ಅವಳ ಬಾಗಿಲಿಗೆ ಬಂದಿದ್ದರೋ ಅವರೆಲ್ಲರ ಬಾಗಿಲಿಗೆ ಹೋದೆವು. ಗುಡ್ಡ ಹತ್ತಿದೆವು, ಹಳ್ಳದ ಮೇಲಿನ ಮರದ ಸಂಕ ದಾಟಿದೆವು. ನನ್ನ ಚಪ್ಪಲಿ ಒಂದು ಕಿತ್ತುಹೋಯಿತು. ಪ್ರತಿ ಮನೆಯಲ್ಲೂ ಕೂತು, ನೀರು ಬೆಲ್ಲ ತೆಗೆದುಕೊಂಡು, ಹೆಂಗಸರಿಗೆ ಕುಂಕುಮ ಕೊಟ್ಟು ಅವಳು ಹೇಳುತ್ತಿದ್ದಳು: "ನಾಳೆ ಹತ್ತಕ್ಕ ನಮ್ಮ ಮನಿಯಾಗ ಮಹಜರು ಐತ್ರಿ. ಮನಿಮಂದೆಲ್ಲ ಬರಬೇಕ್ರಿ."

ಶಾರದಮ್ಮ ಎಂಬ ಎಪ್ಪತ್ತರ ಅಜ್ಜಿಯದು ಕಂತೆಯ ತಳದ ಪತ್ರಿಕೆ. ಮಗಳ ಮದುವೆಗೆ ಮುಂಚೆ ಮಲ್ಲಪ್ಪ ಅವರ ಬಾವಿ ತೋಡಿದ್ದ. "ಮಹಜರು ಅಂದ್ರೆ ಎಂತದೇ?" ಎಂದು ಕೇಳಿದರು. ನಾನು ಬಿಡಿಸಿ ಹೇಳಿದೆ. ಅಜ್ಜಿಗೆ ಸಿಟ್ಟೇ ಬಂತು. "ನೀನು ಇಲ್ಲಿರೂದಕ್ಕೆ ಸಾಕ್ಷಿ ಬೇಕಾ? ನಮ್ಮನೆ ಬಾವಿ ನೀರು ಕುಡಿದು ನೋಡ್ಲಿ. ಬರ್ತೀನಿ ತಡಿ, ಸಹಿ ಅಷ್ಟೇ ಅಲ್ಲ, ಬೈಗುಳನೂ ಹಾಕಿ ಬರ್ತೀನಿ."

ಶುಕ್ರವಾರ ಹತ್ತಕ್ಕೆ ಗ್ರಾಮಲೆಕ್ಕಿಗರು ಸ್ಕೂಟರಿನಲ್ಲಿ ಬಂದರು. ಅಂಗಳದಲ್ಲಿ ಐವತ್ತಕ್ಕೂ ಹೆಚ್ಚು ಜನ. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು. ಯಾರೋ ಎರಡು ಗೊನೆ ಬಾಳೆಹಣ್ಣು ತಂದಿದ್ದರು, ಇನ್ಯಾರೋ ಕಬ್ಬಿಣದ ಕುರ್ಚಿಗಳನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಹನುಮವ್ವ ಬೆಳಗಿನ ಜಾವದಿಂದ ಬಡಿದ ರೊಟ್ಟಿಯ ರಾಶಿ ಬಿಳಿ ಬಟ್ಟೆಯ ಕೆಳಗೆ ಕಾಯುತ್ತಿತ್ತು.

"ಇಲ್ಲಿ ಎಂತ ಮದುವೆಯನಾ?" ಎಂದರು ಲೆಕ್ಕಿಗರು, ಸ್ಕೂಟರ್ ನಿಲ್ಲಿಸಲೂ ಮರೆತು.

"ಹ್ಞೂಂ, ನೀವೇ ಪುರೋಹಿತರು, ಬನ್ನಿ ಕೂತ್ಕಳಿ," ಎಂದರು ಶಾರದಮ್ಮ.

ಅಂಗಳ ನಗುವಿನಿಂದ ತುಂಬಿತು. ಲೆಕ್ಕಿಗರೂ ನಕ್ಕರು; ಒಳ್ಳೆಯ ಮನುಷ್ಯ. ಐದು ಸಹಿ ಸಾಕು ಎಂದರೆ ಯಾರೂ ಒಪ್ಪಲಿಲ್ಲ. ಕರೆಸಿಕೊಂಡು ಬಂದ ಮೇಲೆ ಸಹಿ ಹಾಕದೆ ಹೋಗುವುದು ಹೇಗೆ? ನನ್ನ ದಸ್ತು ಹಾಳೆ ಅರ್ಧ ಖರ್ಚಾಯಿತು. ಹೆಬ್ಬೆಟ್ಟು ಒತ್ತಿದವರ ನೀಲಿ ಬೆರಳುಗಳು ಸಾಲಾಗಿ ಹೊಸ ಸುಣ್ಣದ ಗೋಡೆಗೂ ಒರೆಸಿಕೊಂಡವು. ಇಷ್ಟು ವರ್ಷ ಎಷ್ಟೋ ಅರ್ಜಿ ಬರೆದಿದ್ದೇನೆ, ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಲೆಕ್ಕಿಗರು ನಾಲ್ಕು ರೊಟ್ಟಿ ತಿಂದು, ವರದಿಯನ್ನು ಅಲ್ಲೇ ಕೂತು ಬರೆದರು.

ಶನಿವಾರ ಹನ್ನೊಂದು ಗಂಟೆಗೆ ವಾಸಸ್ಥಳದ ದೃಢೀಕರಣ ಪತ್ರ ಸಹಿ ಮೊಹರಿನೊಂದಿಗೆ ಹನುಮವ್ವನ ಕೈಗೆ ಬಂತು. ಹನ್ನೆರಡಕ್ಕೆ ಕಾರ್ಡಿನ ಅರ್ಜಿಯೂ ಸೇರಿತು. ಪತ್ರದ ಪ್ರತಿಯನ್ನು ಅವಳಿಗೆ ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳೂ ನನ್ನ ಜೊತೆ ಬಾಯಿಪಾಠವಾಗಿ ಹೇಳಿದಳು.

ಶೃಂಗೇರಿಯ ನಿಲ್ದಾಣಕ್ಕೆ ಅವಳೇ ನನ್ನನ್ನು ಬಿಡಲು ಬಂದಳು. ಹರಿದ ಚಪ್ಪಲಿ ಹೊಲಿಸಿಕೊಟ್ಟಳು, ಹಾದಿಗೆ ರೊಟ್ಟಿ ಕಟ್ಟಿಕೊಟ್ಟಳು, ಬಸ್ಸಿನೊಳಗೆ ಹತ್ತಿ ಕಿಟಕಿಯ ಸೀಟು ಹಿಡಿದುಕೊಟ್ಟಳು. ನಾನು ಆ ದಾರಿಯಲ್ಲಿ ವರ್ಷಕ್ಕೆ ನಾಲ್ಕು ಸಲ ಓಡಾಡುವವಳು. ಯಾವ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ ಎಂಬುದೂ ನನಗೆ ಗೊತ್ತು. ಹನುಮವ್ವ ಇಳಿಯುವ ಮುಂಚೆ ಕಂಡಕ್ಟರನನ್ನು ನಿಲ್ಲಿಸಿ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಅಣ್ಣಾರ, ಈ ಅಕ್ಕಾರು ಹೊರಗಿನೋರ್ರಿ. ನಮ್ಮ ಕಡಿ ದಾರಿ ಗೊತ್ತಾಗಂಗಿಲ್ಲ. ಕೊಪ್ಪ ಬಂದ ಕೂಡ್ಲೆ ಹೇಳಿ ಇಳಸ್ರಿ."

ಕಂಡಕ್ಟರ್ ನನ್ನ ಕಡೆ ತಿರುಗಿ, "ಹೌದನಾ ಅಮ್ಮ, ಹೊಸಬ್ರಾ?" ಎಂದ.

"ಹೌದಪ್ಪಾ," ಎಂದೆ.